ಇಲಿಗಳ ಮನೆ ಕಲಕಿದಾಗ



ಸಮುವೇಲನ ಮೊದಲನೆಯ ಗ್ರಂಥದ ಆರನೆಯ ಅಧ್ಯಾಯ ಓದಿದರೆ ಧರ್ಮೋಪದೇಶದ ಮಕ್ಕಳು ಕಿಸಕ್ಕೆಂದು ನಗುತ್ತಾರೆ. ದೇವರ ಮಂಜೂಷವನ್ನು ಹಿಂದಕ್ಕೆ ಕಳುಹಿಸುವಾಗ ಫಿಲಿಷ್ಟಿಯರು ಜೊತೆಗೆ ಐದು ಬಂಗಾರದ ಗಡ್ಡೆ, ಐದು ಬಂಗಾರದ ಇಲಿ ಇಟ್ಟರಂತೆ! ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಿರಿಯರು ಮಾತ್ರ ಇದಕ್ಕೆ ನಗಲಾರರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರು ಸುತ್ತ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳಡಿ ಸುಮಾರು 10,000 ಜನ ತೀರಿಹೋದರು. ಅದಾಗಿ ವರ್ಷ ತುಂಬುವುದರೊಳಗೆ, 1994ರ ಆಗಸ್ಟಿನಲ್ಲಿ, ಪಕ್ಕದ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಚಿಗಟಗಳ ಕಾಟ ಹೆಚ್ಚಿತು. ಬಳಿಕ ಜನರಿಗೆ ಗಡ್ಡೆ ಪ್ಲೇಗ್ ಕಾಣಿಸಿತು. ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿ 50ಕ್ಕೂ ಹೆಚ್ಚು ಜನ ಸತ್ತರು.

ಭೂಕಂಪಕ್ಕೂ ಪ್ಲೇಗಿಗೂ ಏನು ಸಂಬಂಧ? ತಜ್ಞರು ಕೊಟ್ಟ ವಿವರಣೆ ಹೀಗಿದೆ. ಬಾಲದ ತುದಿಯಲ್ಲಿ ಕೂದಲಿನ ಗೊಂಡೆಯಿರುವ ಹೊಲದ ಇಲಿಯೊಂದುಂಟು. ಪ್ಲೇಗಿನ ರೋಗಾಣು ಅದರಲ್ಲಿದ್ದರೂ ಅದು ಸುಲಭಕ್ಕೆ ಸಾಯುವುದಿಲ್ಲ. ಮನೆಯ ಇಲಿಯಾದರೋ ಬೇಗ ಸಾಯುತ್ತದೆ. ಅದರ ಮೈಮೇಲಿನ ಚಿಗಟ ಆಗ ಮನುಷ್ಯನಿಗೆ ಹಾರುತ್ತದೆ. ಇವೆರಡೂ ತಮ್ಮ ತಮ್ಮ ಜಾಗದಲ್ಲಿರುವ ತನಕ ನಮಗೆ ಭಯ ಕಡಿಮೆ. ಹೆದರಿದ ಜನ ಮನೆ ಬಿಟ್ಟರು, ಕಾಳುಕಡಿ ಅಲ್ಲೇ ಉಳಿಯಿತು, ಇಲಿಗಳಿಗೆ ಸುಗ್ಗಿಯಾಯಿತು. ಹೊಲದ್ದೂ ಮನೆಯದ್ದೂ ಬೆರೆತವು.

ಭೂಮಿ ನಡುಗದೆಯೂ ಇಂಥದು ಆಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾಡನ್ನು ತುಂಡು ತುಂಡಾಗಿ ಕಡಿದ ಜಾಗಗಳನ್ನು ವಿಜ್ಞಾನಿಗಳು ನೋಡಿದರು. 2003ರಲ್ಲಿ ವರದಿ ಬಂತು. ಐದು ಎಕರೆಗಿಂತ ಚಿಕ್ಕ ತುಂಡುಗಳಲ್ಲಿ ಲೈಮ್ ರೋಗದ ಉಣ್ಣೆಗಳು ದಟ್ಟವಾಗಿದ್ದವು. ದೊಡ್ಡ ಪ್ರಾಣಿಗಳಿಗೆ ಚಿಕ್ಕ ತುಂಡು ಸಾಲದು, ಅವು ಹೋಗುತ್ತವೆ. ಬಿಳಿಗಾಲಿನ ಪುಟ್ಟ ಇಲಿಗೆ ಅಷ್ಟೇ ಸಾಕು, ಹಿಡಿದು ತಿನ್ನುವವರೂ ಇಲ್ಲ. ಕಾಡು ಕಡಿದರೆ ಎಲ್ಲ ಇಲಿಗಳೂ ಹೆಚ್ಚುತ್ತವೆ ಎಂದಲ್ಲ. ದಟ್ಟ ಕಾಡನ್ನೇ ನಂಬಿದ ಜಾತಿಗಳು ಕಣ್ಮರೆಯಾಗುತ್ತವೆ. ಎಲ್ಲಿಯಾದರೂ ಬದುಕಬಲ್ಲದ್ದು ಉಳಿಯುತ್ತದೆ, ಅದೇ ನಮ್ಮ ಮನೆಗೂ ಬರುತ್ತದೆ.

ನಮ್ಮಲ್ಲಿ ಕಾಡು ಮೊದಲೇ ಕಡಿಮೆ. ಉಳಿದದ್ದು ಬದುವಿನ ಪೊದೆ, ಹಳ್ಳದ ದಂಡೆಯ ಜಾಲಿ, ಹಳೆಯ ಆಲದ ಪೊಟರೆ. ಗೂಗೆ, ಮುಂಗುಸಿ, ಕೇರೆಹಾವುಗಳಿಗೆ ಅದೇ ಆಸರೆ. ಗೂಗೆ ಅಪಶಕುನವೆಂದು ಕಲ್ಲೆಸೆಯುವವರು ನಮ್ಮ ಕ್ರೈಸ್ತ ಮನೆಗಳಲ್ಲೂ ಇದ್ದಾರೆ, ಹೇಳಲು ನಾಚಿಕೆ!

ಒಂದು ಮಾತು ಮಕ್ಕಳಿಗೂ ತಿಳಿಸಿರಿ. ಮನೆಯಲ್ಲಿ ಇಲಿಗಳು ಕಾರಣವಿಲ್ಲದೆ ಒಂದರ ಹಿಂದೊಂದು ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಸರಕಾರಿ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿರಿ. ಪ್ಲೇಗಿಗೆ ಈಗ ಔಷಧವಿದೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ.