ಚಿಕ್ಕಲ್ಲೂರಿನ ನಾಯಕನಿಗೆ ಚಿಕ್ಕ ಚಿತ್ರ ಸಾಕು

ಸೇವೆಯಲ್ಲಿದ್ದ ದಿನಗಳಲ್ಲಿ ಬಂದೋಬಸ್ತಿನ ಮೇಲ್ವಿಚಾರಣೆಗೆಂದು ಒಮ್ಮೆ ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆಗೆ ಹೋಗಿದ್ದೆ. ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸಿದಾಗ ಜ್ವಾಲೆ ಯಾವ ದಿಕ್ಕಿಗೆ ವಾಲುತ್ತದೆಂದು ರೈತರು ಕಣ್ಣಿಟ್ಟು ನೋಡುತ್ತಿದ್ದರು. ಆ ದಿಕ್ಕಿನ ಸೀಮೆಗೆ ಮಳೆ-ಬೆಳೆ ಚೆನ್ನಾಗಿರುತ್ತದೆಂಬುದು ಅವರ ನಂಬಿಕೆ. ಇತ್ತ ಹಿರಿಯ ನೀಲಗಾರರೊಬ್ಬರು ತಂಬೂರಿ ಹಿಡಿದು ಸಿದ್ಧಪ್ಪಾಜಿಯ ಕಥೆಯನ್ನು ಹಾಡುತ್ತಿದ್ದರು. ಕೇಳಲು ಕುಳಿತವರಲ್ಲಿ ಯುವಕರು ಬೆರಳೆಣಿಕೆಯಷ್ಟು ಮಾತ್ರ ಇದ್ದರು.

ಆ ಕಥೆಯ ನಾಯಕ ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಬೇಡುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಕೊನೆಗೆ ಗುರುವಿನ ವಶವಾಗಿ ಸಿದ್ಧಪ್ಪಾಜಿಯಾದ ಅವನು ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗಬೇಕಾಗುತ್ತದೆ. ಅಲ್ಲಿ ಇಲ್ಲವೆಂದವರೂ ಪರೀಕ್ಷೆಗೆ ಒಡ್ಡಿದವರೂ ಅವನದೇ ಕುಲಕಸುಬಿನವರು. ಅಲೌಕಿಕ ಶಕ್ತಿಯಿದ್ದೂ ತನ್ನವರ ಮುಂದೆಯೇ ಒಬ್ಬಂಟಿಯಾಗಿ ನಿಲ್ಲಬೇಕಾದ ಈ ತರುಣನಿಗಿಂತ ಒಳ್ಳೆಯ ‘ಸೂಪರ್‌ಹೀರೋ’ ನಮಗೆ ಬೇಕೆ?

ನೆರೆಯ ಮಲಯಾಳಿಗಳು ಈ ದಾರಿಯಲ್ಲಿ ಮುಂದಿದ್ದಾರೆ. 2021ರ ‘ಮಿನ್ನಲ್ ಮುರಳಿ’ಯಲ್ಲಿ ಸಿಡಿಲು ಬಡಿದು ಶಕ್ತಿ ಪಡೆಯುವವನು ಹಳ್ಳಿಯ ದರ್ಜಿ. 2025ರ ‘ಲೋಕಃ’ ಚಿತ್ರ ಜನಪದದ ಕಳ್ಳಿಯಂಕಾಟ್ಟು ನೀಲಿಯನ್ನು ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸಿತು. ಸುಮಾರು 30 ಕೋಟಿ ರೂಪಾಯಿಯಲ್ಲಿ ತಯಾರಾಯಿತೆಂದು ವರದಿಯಾದ ಆ ಚಿತ್ರ ಅದರ ಎಷ್ಟೋ ಪಟ್ಟು ಗಳಿಸಿತು. ಹಾಲಿವುಡ್ಡಿನ ವೆಚ್ಚದ ಮುಂದೆ ಇದು ಚಿಲ್ಲರೆ ಹಣ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಕಾಣುವ ತರ್ಕ ಸರಳವಾದದ್ದು. ನೂರಾರು ಕೋಟಿ ಹೂಡಿದವನು ಎಲ್ಲರನ್ನೂ ಮೆಚ್ಚಿಸಲೇಬೇಕು. ಆಗ ಮೊದಲು ಬಲಿಯಾಗುವುದು ಸೀಮೆಯ ಮಾತು, ಆಮೇಲೆ ಜಾತಿಯ ಕಟುಸತ್ಯ. ಕಡಿಮೆ ಹೂಡಿದವನಿಗೆ ಕೆಲವೇ ಲಕ್ಷ ಪ್ರೇಕ್ಷಕರು ಸಾಕು, ಆದ್ದರಿಂದ ಅವನಿಗೆ ನಿಜ ಹೇಳುವ ಧೈರ್ಯವಿರುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದಲ್ಲಿ, ನಟರಲ್ಲದ ಹಳ್ಳಿಗರನ್ನೇ ಇಟ್ಟುಕೊಂಡು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿದ್ದನ್ನು ನಾವು ಮರೆಯಬಾರದು.

ಚಾಮರಾಜನಗರ ಜಿಲ್ಲೆಯ ಈ ಸೀಮೆಯಲ್ಲಿ ಕಥೆಗಳಿಗೆ ಬರವಿಲ್ಲ. ಹನೂರು ತಾಲ್ಲೂಕಿನ ಬೆಟ್ಟಗಳಲ್ಲಿ ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನಿದ್ದಾಳೆ. ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲವನ್ನು ಶಂಕಿಸಿ ಭಾಷೆ ಕೇಳಿ ಪೀಡಿಸುತ್ತಾನೆ. ಯಳಂದೂರಿನ ಬಿಳಿಗಿರಿಯಲ್ಲಿ ರಂಗನಾಥ ಮೋಹಿಸಿದ ಸೋಲಿಗರ ಕನ್ಯೆ ಕುಸುಮಾಲೆಯಿದ್ದಾಳೆ. ಸೋಲಿಗರಿಗೆ ಅವನು ದೇವರಷ್ಟೇ ಅಲ್ಲ, ಭಾವನೂ ಹೌದು. ಆದರೆ ಇಲ್ಲಿಂದ ಚಿತ್ರರಂಗ ಹೆಚ್ಚು ಆಸೆಯಿಂದ ಎತ್ತಿಕೊಂಡದ್ದು ಗೋಪಿನಾಥಂನ ವೀರಪ್ಪನ್‌ನನ್ನು. 2013ರ ‘ಅಟ್ಟಹಾಸ’, 2016ರ ‘ಕಿಲ್ಲಿಂಗ್ ವೀರಪ್ಪನ್’ ಇದಕ್ಕೆ ಸಾಕ್ಷಿ. ಕಾಡು ಎಂದರೆ ಕೊಲೆಗಾರನ ಅಡಗುದಾಣ ಎಂಬ ಚಿತ್ರವೇ ಹೊರಗಿನವರ ಮನಸ್ಸಿನಲ್ಲಿ ಉಳಿಯಿತು.

ದೇವರನ್ನು ಸಿನಿಮಾದ ಸರಕು ಮಾಡಬೇಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. 2025ರಲ್ಲಿ ‘ಕಾಂತಾರ’ದ ಎರಡನೆಯ ಚಿತ್ರ ಬಂದಾಗ ಅಭಿಮಾನಿಗಳು ದೈವದ ವೇಷದಲ್ಲಿ ಚಿತ್ರಮಂದಿರಗಳಿಗೆ ಬಂದು ಕುಣಿದದ್ದು ಕರಾವಳಿಯ ಆರಾಧಕರನ್ನು ನೋಯಿಸಿತು. ಆದರೆ ಅಲ್ಲಿ ನೋಯಿಸಿದ್ದು ಅಬ್ಬರದ ಅನುಕರಣೆ. ವ್ಯಕ್ತಿಯ ಒಳಗನ್ನು ತೋರುವ ಚಿತ್ರ ಬೇರೆ ಬಗೆಯದು. ಪರೀಕ್ಷೆಗಳ ಸಂಕಟವನ್ನು ಮರೆಸದೆ ಹಾಡುವ ನೀಲಗಾರರ ಭಕ್ತಿಗೆ ಅದರಿಂದ ಕುಂದು ಬಂದಿಲ್ಲವಲ್ಲ!

ನಿಜವಾದ ಪ್ರಶ್ನೆ ಈ ಕಥೆ ಯಾರ ಸ್ವತ್ತು ಎಂಬುದು. ಪುಸ್ತಕದಲ್ಲಿ ಅಚ್ಚಾದ ಕಾದಂಬರಿಗೆ ನಿರ್ಮಾಪಕರು ಹಕ್ಕು ಕೊಳ್ಳುತ್ತಾರೆ. ತಲೆಮಾರುಗಳಿಂದ ಕಂಠದಲ್ಲಿ ಕಾಪಾಡಿದವರಿಗೆ ಮಾತ್ರ ಒಂದು ಶಾಲು, ಒಂದು ಹಾರ. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಮೌಖಿಕ ಕಾವ್ಯವನ್ನು ಆಧರಿಸಿದ ಚಿತ್ರಗಳಿಗೆ ಅದನ್ನು ನೀಡುವಾಗ ಮೂರು ಷರತ್ತುಗಳಿರಲಿ: ಗಾಯಕ ಪರಂಪರೆಯವರೊಂದಿಗೆ ಲಿಖಿತ ಒಪ್ಪಂದ, ಗಳಿಕೆಯಲ್ಲಿ ನಿಶ್ಚಿತ ಪಾಲು, ಆ ಸೀಮೆಯ ಕನ್ನಡದಲ್ಲೇ ಸಂಭಾಷಣೆ. ಇದರಿಂದ ಬೊಕ್ಕಸಕ್ಕೆ ಹೆಚ್ಚಿನ ಹೊರೆಯೇನೂ ಬೀಳದು.

ಚಿಕ್ಕಲ್ಲೂರಿನ ಆ ರಾತ್ರಿ ಹಾಡು ಮುಗಿದ ಮೇಲೆ, ನಿಮ್ಮ ಮಗ ಇದನ್ನು ಕಲಿತಿದ್ದಾನೆಯೇ ಎಂದು ಆ ಹಿರಿಯರನ್ನು ಕೇಳಿದ್ದೆ. “ಅವ್ನು ಬೆಂಗ್ಳೂರ್ನಲ್ಲಿ ಕೆಲ್ಸಕ್ಕವ್ನೆ ಬುದ್ಧಿ” ಎಂದಷ್ಟೇ ಹೇಳಿ ಅವರು ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಆ ಮಗ ಬೆಂಗಳೂರಿನ ಯಾವುದಾದರೊಂದು ಚಿತ್ರಮಂದಿರದಲ್ಲಿ ಕುಳಿತು ತನ್ನ ತಂದೆಯ ಕಥೆಯನ್ನು, ತನ್ನ ಊರಿನ ಮಾತಿನಲ್ಲೇ ಕೇಳುವಂತಾಗಬೇಕು. ಅಷ್ಟಕ್ಕೆ ಚಿಕ್ಕ ಚಿತ್ರವೊಂದು ಸಾಕು.