ಲಂಚ ಯಾರ ಖರ್ಚು?

ಲಂಚವೆಂದರೆ ಗಾಡಿಯ ಕೀಲೆಣ್ಣೆ, ಹಾಕಿದರೆ ಸರ್ಕಾರದ ಚಕ್ರ ಉರುಳುತ್ತದೆ. 1964ರಲ್ಲಿ ಅಮೆರಿಕದ ನಥಾನಿಯಲ್ ಲೆಫ್ ಅವರಂಥ ಪಂಡಿತರ ವಾದ ಹೀಗಿತ್ತು. ಲಂಚದ ಆಸೆಗೇ ಕಡತ ನಿಲ್ಲಿಸುತ್ತಾರೆ ಎಂದು 1968ರಲ್ಲಿ ಗುನ್ನಾರ್ ಮಿರ್ಡಾಲ್ ಉತ್ತರ ಕೊಟ್ಟರು. ಲಂಚ ಹೆಚ್ಚಿದ ದೇಶದಲ್ಲಿ ಬಂಡವಾಳ ಹೂಡಿಕೆ ಕಡಿಮೆಯೆಂದು 1995ರಲ್ಲಿ ಪಾವ್ಲೊ ಮೌರೊ ಲೆಕ್ಕ ತೋರಿಸಿದರು.

ರೈತ ಬಂಧುಗಳೇ, ನಮಗೆ ಹತ್ತಿರದ್ದು 1982ರಲ್ಲಿ ಪ್ರಕಟವಾದ ರಾಬರ್ಟ್ ವೇಡ್ ಅವರ ಅಧ್ಯಯನ. ದಕ್ಷಿಣ ಭಾರತದ ಕಾಲುವೆಗಳಲ್ಲಿ ಅವರು ಕಂಡದ್ದೇನು? ಎಂಜಿನಿಯರು ದುಡ್ಡು ಕೊಟ್ಟು ಒಳ್ಳೇ ಜಾಗಕ್ಕೆ ವರ್ಗ ಮಾಡಿಸಿಕೊಳ್ಳುತ್ತಾನೆ. ಆಮೇಲೆ ಕಂಟ್ರಾಕ್ಟುದಾರನಿಂದಲೂ ನೀರಿಗೆ ಕಾದು ಕೂತ ರೈತನಿಂದಲೂ ವಸೂಲು ಮಾಡುತ್ತಾನೆ. ಮೇಲಿನವರಿಗೂ ಪಾಲು ಮುಟ್ಟುತ್ತದೆ.

ಆ ದುಡ್ಡು ಬೆಳೆಯ ಖರ್ಚಲ್ಲವೇ? ಸಾಲ ತಂದು ಕೊಟ್ಟರೆ ಅದಕ್ಕೂ ಬಡ್ಡಿ ಬೆಳೆಯೋದಿಲ್ಲವೇ? ಕೆಳಗಿನ ನೀರಗಂಟಿಯನ್ನು ಬೈದರೆ ಸಾಲದು. ಮೇಲೆ ನಡೆಯುವ ವರ್ಗಾವಣೆ ಸಂತೆಯನ್ನೇ ಎಬ್ಬಿಸಬೇಕು.