ಹಿತ್ತಾಳೆ ಹೊಳೆದರಷ್ಟೇ ಸಾಲದು

ನೆಹರೂ ಟ್ರೋಫಿ ದೋಣಿ ಪಂದ್ಯ ಹತ್ತಿರವಾದಂತೆ ಕೇರಳದ ಆಲಪ್ಪುಳದ ಸುತ್ತಮುತ್ತ ಚುಂಡನ್ ವಳ್ಳಗಳ, ಅಂದರೆ ಹಾವುದೋಣಿಗಳ, ಮೈಗೆ ಎಣ್ಣೆ ಬೀಳುತ್ತದೆ. ಮುಗಿಲಿಗೆ ಮುಖ ಎತ್ತಿದ ಹಿಂತುದಿಯ, ಅಲ್ಲಿಯವರು ‘ಅಮರಂ’ ಎನ್ನುವ ಭಾಗದ ಹಿತ್ತಾಳೆ ಅಲಂಕಾರವನ್ನು ಬೆಳಗಿ ಫಳಫಳಿಸುವಂತೆ ಮಾಡುತ್ತಾರೆ. ಊರಿನ ಮರ್ಯಾದೆಯೇ ಆ ಹೊಳಪಿನಲ್ಲಿದೆ. ಹಬ್ಬಕ್ಕೆ ಅದು ಬೇಕು, ಬೆಳಗಲಿ.

ಆದರೆ ಬೆಳಗುವುದನ್ನೇ ಆರೈಕೆ ಎಂದುಕೊಂಡರೆ ಕಷ್ಟ. ಕಡಲಿಗಿಳಿಯುವ ದೋಣಿಗಳಲ್ಲಂತೂ ಇದು ಅಪಾಯದ ಮಾತು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಪ್ಪುನೀರಿನಲ್ಲಿ ನೆನೆಯುತ್ತಿದ್ದರೆ ಸತು ಮೆಲ್ಲಗೆ ಕರಗಿ ಹೋಗಿ, ಸೂಕ್ಷ್ಮ ರಂಧ್ರಗಳ ತಾಮ್ರವಷ್ಟೇ ಉಳಿಯುತ್ತದೆ. ನಟ್ಟು, ಸ್ಕ್ರೂ, ಕವಾಟ ಎಲ್ಲವೂ ಮೊದಲಿನ ಆಕಾರದಲ್ಲೇ ಕಾಣುತ್ತವೆ. ಬಿಗಿ ಮಾಡಲು ಹೋದರೆ ಕೈಯಲ್ಲೇ ಮುರಿದು ಬರುತ್ತವೆ. ಚಾಕುವಿನ ತುದಿಯಿಂದ ಕೊಂಚ ಕೆರೆದು ನೋಡಬೇಕು. ಒಳಗೆ ಹಳದಿ ಇದ್ದರೆ ಸರಿ. ತಾಮ್ರದ ಕೆಂಪು ಮೂಡಿದರೆ ಅದನ್ನು ಬದಲಿಸಲೇಬೇಕು. ನೀರಿನ ಮಟ್ಟದ ಕೆಳಗೆ ದೋಣಿಯ ಜೀವ ಹಿಡಿದಿರುವ ಜೋಡಣೆಗಳಿಗೆ ಮಾಮೂಲಿ ಹಿತ್ತಾಳೆ ಬೇಡ, ಕಂಚು ಒಳ್ಳೆಯದು.

ಹಾಗಾದರೆ 1869ರಲ್ಲಿ ನೀರಿಗಿಳಿದ ‘ಕಟಿ ಸಾರ್ಕ್’ ಹಡಗಿನ ತಳಕ್ಕೆ ಹಿತ್ತಾಳೆಯನ್ನೇ ಹೊದಿಸಿದ್ದೇಕೆ? ಬರ್ಮಿಂಗ್‌ಹ್ಯಾಮಿನ ಜಾರ್ಜ್ ಮಂಟ್ಸ್ 1832ರಲ್ಲಿ ಪೇಟೆಂಟ್ ಪಡೆದ ಲೋಹವದು. ಸುಮಾರು 60 ಪಾಲು ತಾಮ್ರ, 40 ಪಾಲು ಸತು. ಅದರಿಂದ ಸ್ವಲ್ಪಸ್ವಲ್ಪವೇ ಕರಗುವ ತಾಮ್ರ, ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಂತೆ ತಡೆಯುತ್ತಿತ್ತು. ಸವೆಯಲೆಂದೇ ಹಾಕಿದ ಹೊದಿಕೆಗೂ ಬಿಗಿಯಾಗಿ ಹಿಡಿದಿರಬೇಕಾದ ನಟ್ಟಿಗೂ ಒಂದೇ ಲೆಕ್ಕ ಸಲ್ಲದು.

ಬೆಳಗುವ ವಸ್ತುವಿನ ಬಗೆಗೂ ಎಚ್ಚರ ಬೇಕು. ಬ್ರಿಟಿಷ್ ಭಾರತದಲ್ಲಿ ಮಳೆಗಾಲ ಬಂತೆಂದರೆ ಸೇನೆಯ ಹಿತ್ತಾಳೆ ತೋಟಾಗಳು ಬಿರುಕು ಬಿಡುತ್ತಿದ್ದವು. ಅವುಗಳನ್ನು ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ಸ್ಪಷ್ಟವಾಯಿತು. ಅಮೋನಿಯಾ ಬೆರೆತ ಪಾಲಿಶ್, ಬಿಗಿಯಾಗಿ ತಿರುಪಿದ ಜೋಡಣೆಯ ಸಂದಿಯಲ್ಲಿ ಉಳಿಯಬಾರದು ಎನ್ನುವುದು ಇದಕ್ಕೇ. ದೇವರ ದೀಪಕ್ಕೆ ನಾವು ಬಳಸುವ ಹುಣಸೆಹಣ್ಣೂ ಕಿಲುಬನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಅದೂ ಆಮ್ಲವೇ; ಹುಳಿ ಬಿಡುವವರೆಗೆ ತೊಳೆದು ಒರೆಸಬೇಕು. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಚೂರುಗಳು ಗೀರುಗಳಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ.

ಪ್ರತಿ ಸಲ ಉಜ್ಜಿದಾಗಲೂ ಲೋಹದ ಒಂದು ಪದರ ಬಟ್ಟೆಗೆ ಹತ್ತುತ್ತದೆ. ಬಟ್ಟೆ ಕಪ್ಪಾಗುವುದು ಅದರಿಂದಲೇ. ಹಳೆಯ ಹಡಗಿನ ಗಂಟೆಯ ಮೇಲೆ ಕೊರೆದ ಹೆಸರು, ಇಸವಿ ಹೀಗೆಯೇ ಮಾಸುತ್ತವೆ. ಅದು ಆ ಹಡಗಿನ ಗುರುತಿನ ಚೀಟಿ. ಅದನ್ನು ಹೊಳಪಿಗಾಗಿ ಅಳಿಸುವುದು ಅನ್ಯಾಯ. ಇಂಥ ವಸ್ತುಗಳನ್ನು ಕಾಯುವವರು ವಾರ ವಾರ ಪಾಲಿಶ್ ಡಬ್ಬಿ ತೆರೆಯುವುದನ್ನು ಬಿಡಲಿ. ಸಿಹಿನೀರಿನಲ್ಲಿ ಉಪ್ಪು ತೊಳೆದು, ಹತ್ತಿಬಟ್ಟೆಯಿಂದ ಒಣಗಿಸಿ, ತೆಳುವಾಗಿ ಮೇಣ ಸವರಿದರೆ ಸಾಕು. ದೋಣಿ ದಡಕ್ಕೆ ಬಂದಾಗಲೆಲ್ಲ ನೀರಿನ ಕೆಳಗಿದ್ದ ಒಂದೊಂದು ಸ್ಕ್ರೂವನ್ನೂ ಕೆರೆದು ನೋಡುವುದಕ್ಕೆ ಆ ಉಳಿದ ಸಮಯ ಸಿಗಲಿ.